ಬಾಗಿಲಲ್ಲಿ ನಿಂತು ಕೇಳಿದ ವೈರಾಣು

ಹುಟ್ಟುಕುರುಡಿಯಾದ ವೃಂದಾ ಎಂಬ ಹುಡುಗಿಯ ಕಣ್ಣಿನೊಳಗೆ ಒಂದು ಜೀವಕೋಶವಿತ್ತು. ಬೆಳಕನ್ನು ಹಿಡಿಯುವ ವಿದ್ಯೆ ಬರೆದಿದ್ದ ಅದರ ವಂಶವಾಹಿ ಮೊದಲಿನಿಂದಲೂ ಕೆಟ್ಟಿತ್ತು. ಒಂದು ದಿನ ಅದರ ಬಾಗಿಲಿಗೆ ವೈರಾಣುವೊಂದು ಬಂದು ನಿಂತಿತು.

"ನಿನ್ನ ಕುಲವನ್ನು ನಾನು ಬಲ್ಲೆನಯ್ಯಾ" ಎಂದಿತು ಜೀವಕೋಶ. "ಒಳಗೆ ನುಗ್ಗಿ, ಮನೆಯವರ ಕೈಯಲ್ಲೇ ನಿಮ್ಮ ಸಂತಾನ ಬೆಳೆಸಿಕೊಂಡು, ಕೊನೆಗೆ ಮನೆಯನ್ನೇ ಒಡೆದು ಹೋಗುವವರು ನೀವು."

"ನಿಜ ತಾಯಿ. ಆದರೆ ವೈದ್ಯರು ನನ್ನ ಹೊಟ್ಟೆಯಲ್ಲಿದ್ದ ಕೇಡನ್ನೆಲ್ಲ ತೆಗೆದು, ನಿಮ್ಮ ವಂಶವಾಹಿಯ ಸರಿಯಾದ ಪ್ರತಿಯನ್ನು ಇಟ್ಟು ಕಳಿಸಿದ್ದಾರೆ. ಬಾಗಿಲು ತೆರೆಯುವ ಹಳೆಯ ವಿದ್ಯೆ ಮಾತ್ರ ನನ್ನಲ್ಲಿ ಉಳಿದಿದೆ. ಆದರೂ ಈ ಸಲ ಕೇಳಿಯೇ ಬರೋಣ ಅನ್ನಿಸಿತು."

"ಕೊಟ್ಟ ಮೇಲೆ ನಿನಗೇನು ಉಳಿಯುತ್ತದೆ?"

"ಏನೂ ಇಲ್ಲ. ನನಗೆ ಸಂತಾನವೂ ಆಗುವುದಿಲ್ಲ, ನನ್ನ ಚಿಪ್ಪೂ ಇಲ್ಲೇ ಕರಗುತ್ತದೆ."

ಜೀವಕೋಶ ಹೆದರುತ್ತಲೇ "ಬಾಪ್ಪಾ, ಒಳಗೆ ಬಾ" ಎಂದಿತು. ವೈರಾಣುವಿನ ಕುಲದಲ್ಲಿ ಯಾರಿಗೂ ಆ ಮಾತು ಸಿಕ್ಕಿರಲಿಲ್ಲ! ಅದು ಸಂತೋಷಕ್ಕೆ ಗಿರಗಿರನೆ ತಿರುಗಿ, ಎರಡು ಸಲ ಎಡವಿ, ಪ್ರತಿಯನ್ನು ನಡುಮನೆಗೆ ಮುಟ್ಟಿಸಿತು. ಕರಗುತ್ತ ಕರಗುತ್ತಲೇ "ಓದಿ ತಾಯಿ, ಬೇಗ ಓದಿ!" ಎಂದು ಕೂಗಿತು.

ಜೀವಕೋಶ ಓದಿತು, ಕಲಿಯಿತು. ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಬೆಳಕು ಬಂದು ತಟ್ಟಿದಾಗ ಅದನ್ನು ಗಪ್ಪನೆ ಹಿಡಿದೇಬಿಟ್ಟಿತು.

"ಅಮ್ಮಾ, ನಿನ್ನ ಸೀರೆ ಏನೋ ಕೂಗುತ್ತಿದೆ!" ಎಂದು ವೃಂದಾ ಚೀರಿದಳು. ಅದಕ್ಕೆ ಹಳದಿ ಬಣ್ಣ ಅನ್ನುತ್ತಾರೆಂದು ಅವಳಿಗೆ ಇನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.