ಎರಡು ದಿನದ ದಾರಿ

“ಗುರುಗಳೇ, ನಾಡಿದ್ದು ಅಕ್ಕನ ಊರಿಗೆ ಹೊರಡೋಣ ಎಂದಿದ್ದೇನೆ. ಅವಳ ಜೊತೆ ಮಾತು ಬಿಟ್ಟು ಆರು ವರ್ಷವಾಯಿತು. ನೀವು ಊರೂರು ಸುತ್ತಿದವರು. ದಾರಿಯಲ್ಲಿ ಎಲ್ಲಿ ತಂಗಬೇಕು, ಏನು ಕಟ್ಟಿಕೊಳ್ಳಬೇಕು, ಸ್ವಲ್ಪ ಹೇಳಿ” ಎಂದು ಶಿಷ್ಯ ಕೇಳಿದ.

ಗುರುಗಳು ಕಾಲು ಚಾಚಿ ಗೋಡೆಗೆ ಒರಗಿದರು. “ಕೂತುಕೋ, ಹೇಳುತ್ತೇನೆ” ಎಂದರು.

ಒಂದು ಕವಲುದಾರಿಯಲ್ಲಿ ಒಬ್ಬ ಅರವಟ್ಟಿಗೆ ನಡೆಸುತ್ತಿದ್ದ. ಬಿಸಿಲಲ್ಲಿ ಬಂದವರಿಗೆ ನೀರು, ಮಜ್ಜಿಗೆ ಕೊಡುವುದು ಅವನ ಕೆಲಸ. ಕುಡಿದವರು ಸುಮ್ಮನೆ ಹೋಗುತ್ತಿದ್ದರೇ? ಒಬ್ಬ ಮಗಳಿಗೆ ಗಂಡು ನೋಡಲು ಹೊರಟವನು, ಒಬ್ಬ ಹರಕೆ ತೀರಿಸಲು, ಇನ್ನೊಬ್ಬ ಹೆಂಡತಿಯ ಬಾಯಿಗೆ ಹೆದರಿ ಎಲ್ಲಿಗಾದರೂ ಸರಿ ಎಂದು ಹೊರಟವನು. ಎಲ್ಲರಿಗೂ ದಾರಿಯದೇ ಚಿಂತೆ. ಇವನು ಹೇಳುತ್ತಿದ್ದ: ಏರು ಹತ್ತುವ ಮೊದಲು ಬುತ್ತಿ ಬಿಚ್ಚಬೇಡಿ; ಛತ್ರದ ಒಳಗೆ ತಿಗಣೆ ಕಾಟ, ಜಗಲಿಯಲ್ಲೇ ಮಲಗಿ. ಹೇಳಿದ್ದು ಒಂದೂ ಸುಳ್ಳಾಗುತ್ತಿರಲಿಲ್ಲ.

ಅವನ ಅಣ್ಣ ಎರಡು ದಿನದ ದಾರಿಯಾಚೆ, ಹೊಳೆಯ ದಡದ ಊರಿನಲ್ಲಿದ್ದ. ಅಣ್ಣನ ಮಗುವಿನ ನಾಮಕರಣಕ್ಕೆ ಹೋದಾಗ ಮೊದಲ ಪಂಕ್ತಿಯಲ್ಲಿ ತನಗೆ ಎಲೆ ಹಾಕಲಿಲ್ಲವೆಂದು ಇವನು ಎದ್ದು ಬಂದಿದ್ದ. ಆ ಮಗುವಿಗೆ ಈಗ ಮದುವೆಯಾಗಿ ಮಕ್ಕಳೂ ಆಗಿದ್ದರು. ಸಿಟ್ಟು ಎಂದೋ ಇಳಿದಿತ್ತು. ಹೋಗಬೇಕು, ಹೋಗಬೇಕು ಎನ್ನುತ್ತಲೇ ಇದ್ದ. ದಿನವೆಲ್ಲ ಬಗ್ಗಿ ನೀರು ಹೊಯ್ದು ಸೊಂಟ ಬಿದ್ದುಹೋಗಿರುತ್ತಿತ್ತು. ನಾಳೆ ನೋಡೋಣ ಎಂದು ಮಲಗುತ್ತಿದ್ದ.

ಒಮ್ಮೆ ಆ ಕಡೆಯಿಂದ ಒಬ್ಬ ಬಳೆಗಾರ ಬಂದ. ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಂಡು ಹೇಳಿದ: “ಹೊಳೆ ದಾಟುವಲ್ಲಿ ಒಬ್ಬ ಮುದುಕ ಕೂತಿರುತ್ತಾನೆ. ಎಲ್ಲಿ ಆಳ, ಎಲ್ಲಿ ಕಾಲಿಡಬೇಕು, ಎಲ್ಲರಿಗೂ ತೋರಿಸುತ್ತಾನೆ. ‘ಕವಲುದಾರಿಯಲ್ಲಿ ನನ್ನ ತಮ್ಮ ಇದ್ದಾನೆ, ಅವನ ಕೈಯ ನೀರು ಕುಡಿದೇ ಹೋಗಿ’ ಅಂದ. ಕೆಮ್ಮು ಜಾಸ್ತಿಯಾಗಿದೆ, ಪಾಪ.”

ಅರವಟ್ಟಿಗೆಯವನು ಕೈಯ ತಂಬಿಗೆ ಕೆಳಗಿಟ್ಟ. ಈಗಲೇ ಹೊರಡಬೇಕು ಎಂದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ: “ಆ ಕಡೆ ದಾರಿ ಈಗ ಹೇಗಿದೆಯಪ್ಪ?”

“ಅಯ್ಯೋ ದೇವರೇ! ಊರಿಗೆಲ್ಲ ದಾರಿ ಹೇಳುವವರು ನನ್ನನ್ನು ಕೇಳುತ್ತೀರಲ್ಲ!” ಎಂದು ಬಳೆಗಾರ ನಕ್ಕ. ದಾರಿ ಚೆನ್ನಾಗಿದೆ ಎಂದೂ ಹೇಳಿದ.

ಇವನಿಗೆ ಅದು ಸಾಲಲಿಲ್ಲ. ಮರುದಿನ ಗಾಡಿಯವನೊಬ್ಬನನ್ನು ಕೇಳಿದ. ಇಳಿಜಾರಿನಲ್ಲಿ ಕೆಸರಿದೆ, ಒಂದು ವಾರ ತಡೆಯಿರಿ ಎಂದು ಅವನು ಹೇಳಿದ. ವಾರ ಕಳೆದ ಮೇಲೆ ಇನ್ನೊಬ್ಬನನ್ನು ಕೇಳಿದ. ಅವನು ಬಿಸಿಲಿನ ಮಾತು ತೆಗೆದ. ಇವನಿಗೆ ಬೇಕಾದದ್ದೂ ಅಷ್ಟೇ. ಯಾವ ಮುಖ ಇಟ್ಟುಕೊಂಡು ಅಣ್ಣನ ಮುಂದೆ ನಿಲ್ಲಲಿ ಎಂಬ ಅಳುಕು ಅವನಿಗೆ. ಅದನ್ನು ಬಾಯಿ ಬಿಟ್ಟು ಹೇಳಲಾರದೆ ದಾರಿಯ ನೆಪ ಒಡ್ಡುತ್ತ ಕೂತ.

ತಿಂಗಳಾಯಿತು. ಮೈಕೈ ತರಚಿಕೊಂಡ ಇಬ್ಬರು ಬಂದರು. “ಹೊಳೆಯಲ್ಲಿ ಜಾರಿ ಬಿದ್ದೆವು. ದಾರಿ ತೋರಿಸಲು ಅಲ್ಲೊಬ್ಬ ಮುದುಕ ಇದ್ದನಂತೆ. ಹೋದ ವಾರ ತೀರಿಕೊಂಡನಂತೆ” ಎಂದರು.

“ಅಯ್ಯೋ ಅಣ್ಣಾ!” ಎಂದು ಅರವಟ್ಟಿಗೆಯವನು ಅಲ್ಲೇ ಕುಸಿದು ಕೂತ. ಅವತ್ತು ಬಂದವರು ತಾವೇ ನೀರು ಮೊಗೆದುಕೊಂಡು ಕುಡಿದರು.

ಗುರುಗಳು ಕತೆ ನಿಲ್ಲಿಸಿ ಕಣ್ಣು ಮುಚ್ಚಿದರು. ಶಿಷ್ಯ ಹತ್ತಿರ ಸರಿದು, “ಹಾಗಾದರೆ ನಾನು ಯಾವ ದಾರಿ ಹಿಡಿಯಲಿ?” ಎಂದ.

“ನನ್ನ ಹತ್ತಿರ ಬರುವ ಮೊದಲು ಇದನ್ನೇ ಎಷ್ಟು ಜನರನ್ನು ಕೇಳಿದ್ದೀಯ, ಮಗು?” ಎಂದರು ಗುರುಗಳು.