ಗೀಜಗ ತಂದ ಬೂದು ಮಣ್ಣು

ಮಕ್ಕಳೇ, ಕೆರೆಯ ನೀರಿನ ಮೇಲೆ ಬಾಗಿದ ಒಂದು ಜಾಲಿಮರ. ಅದರ ತುಂಬ ಗೀಜಗಗಳ ಗೂಡು. ಗೀಜಗಗಳ ಪದ್ಧತಿ ಗೊತ್ತಲ್ಲ? ಗಂಡು ಹುಲ್ಲು ಹೆಣೆದು ಗೂಡು ಕಟ್ಟಿ, ಒಳಗೋಡೆಗೆ ಹಸಿಮಣ್ಣು ಮೆತ್ತಬೇಕು. ಹೆಣ್ಣು ಬಂದು ನೋಡಿ ಒಪ್ಪಿದರೆ ಸಂಸಾರ, ಇಲ್ಲದಿದ್ದರೆ ಇಲ್ಲ.

ಮುದ್ದ ಎಂಬ ಗೀಜಗನಿಗೆ ಎಲ್ಲರಿಗಿಂತ ಮೊದಲು ತನ್ನ ಗೂಡೇ ಮುಗಿಯಬೇಕೆಂಬ ಅವಸರ. ಕೆರೆಯ ಮಣ್ಣು ಒಣಗಲು ಎರಡು ದಿನ ಬೇಕು. ಕೆರೆ ಏರಿಯ ಆಚೆ ಮನುಷ್ಯರು ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ಡು ಹಾಕಿದ್ದರು. ಅದರ ಚರಂಡಿಯ ಬೂದು ಮಣ್ಣೋ, ಮೆತ್ತಿದ ಗಳಿಗೆಯಲ್ಲೇ ಗಟ್ಟಿ! ಮುದ್ದ ಅದನ್ನೇ ಹೊತ್ತು ತಂದ.

ಕೆರೆಯಲ್ಲಿದ್ದ ಆಮೆಯಜ್ಜಿ ತಡೆದಳು. "ಬೇಡ ಕಣೋ ಮಗಾ. ಆ ಮಣ್ಣಲ್ಲಿ ಒಂದು ಎರೆಹುಳವೂ ಬದುಕಿಲ್ಲ. ಶೆಡ್ಡಿನವರ ಮಕ್ಕಳೇ ಹೊಟ್ಟೆ ಹಿಡ್ಕೊಂಡು ಮಲಗಿವೆ."

"ಗೂಡು ಕಟ್ಟಿ ಗೊತ್ತಿಲ್ಲದವಳು ನನಗೆ ಬುದ್ಧಿ ಹೇಳ್ತೀಯಾ ಅಜ್ಜಿ? ಸುಮ್ನೆ ಹೋಗು!"

ಚಿಕ್ಕಿ ಎಂಬ ಹೆಣ್ಣು ಬಂದು ಗೂಡು ಒಪ್ಪಿದಳು. ಮೂರು ಮರಿಗಳಾದವು. ಮುದ್ದನನ್ನು ಹಿಡಿಯುವವರೇ ಇರಲಿಲ್ಲ. ಸಾಲದ್ದಕ್ಕೆ ಮರದ ಗಂಡುಗಳಿಗೆಲ್ಲ ಜಾಗ ತೋರಿಸಿದ. ಅವೂ ಅದೇ ಮಣ್ಣು ತಂದವು.

ಹತ್ತು ದಿನಕ್ಕೆ ಹಿರಿಮರಿಯ ಕತ್ತು ಜೋತುಬಿತ್ತು. ಕೊಟ್ಟ ಹುಳ ಬಾಯಲ್ಲೇ ಉಳಿಯಿತು.

"ಯಾರದೋ ದೃಷ್ಟಿ ಕಣೇ," ಎಂದ ಮುದ್ದ.

"ದೃಷ್ಟಿಯಲ್ಲ ರೀ, ಈ ಮಣ್ಣು! ಹಸಿವಾದಾಗಲೆಲ್ಲ ಮರಿಗಳು ಇದನ್ನೇ ಕುಟುಕ್ತಿವೆ. ಕಿತ್ತು ಹಾಕಿ."

"ಊರಿಗೆಲ್ಲ ತೋರಿಸಿಕೊಟ್ಟವನು ನಾನು. ಈಗ ನಾನೇ ಕಿತ್ತರೆ ನಗೋದಿಲ್ವೇ? ನಾಳೆ ನೋಡೋಣ."

ಸುಡುಗಾಡು ಮರ್ಯಾದೆ! ಬೆಳಗಾಗುವಷ್ಟರಲ್ಲಿ ಎರಡು ಮರಿಗಳು ತಣ್ಣಗಾಗಿದ್ದವು.

ಮುದ್ದ ಹುಚ್ಚು ಹಿಡಿದವನಂತೆ ಮಣ್ಣನ್ನೆಲ್ಲ ಕೆದಕಿ ಕೆಡವಿದ. ಉಳಿದೊಂದು ಮರಿಗೆ ಹುಳ ಹಿಡಿದ. ಅದು ಬಾಯಿ ತೆರೆಯಿತು, ನುಂಗಲಾಗಲಿಲ್ಲ.

"ಅಜ್ಜೀ, ಏನಾದರೂ ಮಾಡು!" ಎಂದು ಗೋಳಾಡಿದ.

"ಗೋಡೆಯದನ್ನ ಕಿತ್ತೆ. ಮೈಯೊಳಗೆ ಸೇರಿದ್ದನ್ನ ಹೇಗೆ ಕೀಳ್ತೀಯೋ ಮಗಾ?" ಆಮೆಯಜ್ಜಿಯ ಕಣ್ಣಲ್ಲಿ ನೀರು.

ಸಂಜೆಗೆ ಆ ಮರಿಯೂ ಹೋಯಿತು. ಚಿಕ್ಕಿ ಮುದ್ದನ ಮುಖ ನೋಡದೆ ಹಾರಿಹೋದಳು.

ಮುದ್ದ ಗೂಡುಗೂಡಿಗೂ ಹೋಗಿ ಕೂಗಿದ. "ಕಿತ್ತುಹಾಕ್ರೋ! ಅದು ವಿಷ ಕಣ್ರೋ!"

"ತನ್ನ ಮರಿ ಸತ್ತವು ಅಂತ ನಮ್ಮ ಮೇಲೆ ಹೊಟ್ಟೆಕಿಚ್ಚು," ಎಂದು ಅವು ಬೆನ್ನು ತಿರುಗಿಸಿದವು.

ಆ ವರ್ಷ ಜಾಲಿಮರದಿಂದ ಒಂದು ಮರಿಯೂ ಹಾರಲಿಲ್ಲ.

ನೀತಿ: ನೆಲಕ್ಕೆ ಸೇರಿದ ವಿಷ ಮೈಗೆ ಸೇರದೆ ಬಿಡದು, ಎಚ್ಚರಿಸುವವರ ಮಾತನ್ನು ಮನೆ ಕಟ್ಟುವ ಮೊದಲೇ ಕೇಳಬೇಕು.