ಸುಣ್ಣ ಬಿದ್ದಲ್ಲಿ ಗಡಿ

ಖಾರಗಢ ಮತ್ತು ವೀರಾಸರ ಎಂಬ ಎರಡು ಸಂಸ್ಥಾನಗಳ ನಡುವೆ ಮರಳಿತ್ತು. ಮರಳಿನಲ್ಲಿ ಗಡಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಬಹಳ ಕಾಲ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಆಮೇಲೆ ಇಂಗ್ಲಿಷರು ಬಂದರು. ಅವರಿಗೆ ನಕ್ಷೆ ಬೇಕಿತ್ತು.

ಇದ್ದ ಒಂದೇ ಹಳೆಯ ನಕ್ಷೆಯಲ್ಲಿ ಗಡಿಯನ್ನು ಕುಂಚದಿಂದ ಎಳೆದಿದ್ದರು. ಎಳೆದವನ ಕೈ ಧಾರಾಳ. ಆ ಸೀಮೆಯ ಒಂದೇ ಸಿಹಿನೀರಿನ ಬಾವಿ ಗೆರೆಯ ಶಾಯಿಯೊಳಗೆ ಮುಳುಗಿಹೋಗಿತ್ತು.

ಬಾವಿ ನಮ್ಮದೆಂದು ಮೂಡಣದ ಖಾರಗಢ ಹೇಳಿತು. ನಮ್ಮದೆಂದು ಪಡುವಣದ ವೀರಾಸರ ಹೇಳಿತು. ಇಬ್ಬರು ರಾಜರೂ ಅದನ್ನು ಕಣ್ಣಿಂದ ಕಂಡವರಲ್ಲ. ಆದರೂ ಒಂದು ವಿಷಯದಲ್ಲಿ ಒಮ್ಮತವಿತ್ತು: ಬಾವಿ ಯಾರ ಪಾಲಾಗುತ್ತದೋ ಅವರು ಅಲ್ಲಿ ಕಾವಲು ಹಾಕಬೇಕು, ಆಚೆಯವರಿಗೆ ಹನಿ ನೀರು ಬಿಡಬಾರದು.

ಗಡಿ ಗೊತ್ತುಮಾಡಲು ಬಂದ ಸಾಹೇಬ ಎರಡು ಬೇಸಿಗೆ ಡೇರೆಯಲ್ಲಿ ಬೆಂದ. ಸಾಕ್ಷಿ ಕೇಳಿದ. ಎರಡೂ ಕಡೆಯವರು ಬೇಕಾದಷ್ಟು ಕೊಟ್ಟರು. ಕೊನೆಗೆ ಆತ ಸೋತು, ಈ ಸೀಮೆಯ ಹಳೆಯ ಪದ್ಧತಿಯೇ ಆಗಲಿ ಎಂದ. ರಾಜರಿಬ್ಬರೂ ಅದಕ್ಕೆ ಬದ್ಧರೆಂದು ಆಣೆಯಿಟ್ಟರು.

ಪದ್ಧತಿ ಹೀಗಿತ್ತು. ಎರಡೂ ಕಡೆಯವರು ನಂಬುವ ಒಬ್ಬನ ತಲೆಗೆ ಸತ್ತ ಒಂಟೆಯ ಹಸಿ ತೊಗಲು ಸುತ್ತಿ ಹೊಲಿಯುತ್ತಾರೆ. ಅವನು ನಡೆಯುತ್ತಾನೆ. ಹಿಂದೆ ಇನ್ನೊಬ್ಬ ಸುಣ್ಣ ಸುರಿಯುತ್ತ ಬರುತ್ತಾನೆ. ಹೆಜ್ಜೆಯನ್ನು ಗಾಳಿ ಅಳಿಸುತ್ತದೆ, ಆದ್ದರಿಂದ ಸುಣ್ಣ ಬಿದ್ದಲ್ಲಿ ಗಡಿ. ನಡಿಗೆ ಮುಗಿಯುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದ ಕಡೆ ಸೋತಂತೆ.

ಸುಳ್ಳು ಗಡಿ ನಡೆದವನು ಸಾಯುತ್ತಾನೆಂದು ನಂಬಿಕೆ. ನಿಜ ನಡೆದವರೂ ಸತ್ತದ್ದುಂಟು. ಹಸಿ ತೊಗಲು ಬಿಸಿಲಿಗೆ ಒಣಗುತ್ತ ಬಿಗಿಯುತ್ತದೆ. ಒಳಗಿರುವ ತಲೆ ಯಾರದೆಂದು ಅದು ವಿಚಾರಿಸುವುದಿಲ್ಲ.

ಇಬ್ಬರೂ ನಂಬುವವನನ್ನು ಹುಡುಕಿದಾಗ ಸಿಕ್ಕಿದ್ದು ಖೇತನಾಥ. ಬಾವಿಯ ಹತ್ತಿರದ ಮಣ್ಣಿನ ಗುಡಿಸಲೇ ಅವನ ಆಶ್ರಮ. ಕಿತ್ತುಕೊಳ್ಳುವಂಥದ್ದು ಅವನಲ್ಲಿ ಏನೂ ಇರಲಿಲ್ಲವಾದ್ದರಿಂದ ಎರಡೂ ಸಂಸ್ಥಾನಗಳು ಅವನನ್ನು ಗೌರವಿಸುತ್ತಿದ್ದವು.

ಸುಣ್ಣದ ಚೀಲ ಅವನ ಶಿಷ್ಯ ಜೇಠಾನ ಹೆಗಲಿಗೆ ಬಂತು.

ಜೇಠಾನ ಅಕ್ಕ ಧಾಪು ಬಾವಿಯ ಪಡುವಣ ಹಟ್ಟಿಯಲ್ಲಿದ್ದಳು. ಮಡಿಲಲ್ಲಿ ಕೂಸು, ಅಂಗಳದಲ್ಲಿ ಒಂದಿಷ್ಟು ಆಡು. ಬೇರೆ ನೀರು ಬೇಕೆಂದರೆ ಒಂಟೆಯ ಮೇಲೆ ಇಡೀ ಹಗಲಿನ ದಾರಿ. ಅವಳ ಬಳಿ ಒಂಟೆ ಇರಲಿಲ್ಲ.

ನಡಿಗೆಯ ಹಿಂದಿನ ದಿನ ಜೇಠಾ ಗುರುವಿನ ಮುಂದೆ ಕುಳಿತ.

"ಬಾಬಾ, ನಾಳೆ ಬಾವಿಯ ಯಾವ ಬದಿಯಿಂದ ಹೋಗ್ತೀರಿ?"

"ನಿನಗೆ ಯಾವ ಬದಿ ಬೇಕು?"

"ಮೂಡಣ ಬದಿಯಿಂದ ಹೋದರೆ ಬಾವಿ ಪಡುವಣಕ್ಕೆ ಉಳಿಯುತ್ತೆ. ಅಕ್ಕ ಬದುಕಿಕೊಳ್ತಾಳೆ."

"ಮೂಡಣದವರಿಗೆ ಅಕ್ಕಂದಿರಿಲ್ಲವೇನೋ?"

"ಇರಬಹುದು. ನನಗೆ ಪರಿಚಯವಿಲ್ಲ."

"ಆಯಿತು. ಬಾಯಾರಿದೆ, ಹೋಗಿ ನೀರು ತಾ. ಬಾವಿಯ ಪಡುವಣ ಅರ್ಧದ್ದು ಮಾತ್ರ ಸೇದು."

ಜೇಠಾ ಪಡುವಣ ಬದಿಯಲ್ಲಿ ನಿಂತು, ಆ ಗೋಡೆಗೆ ಹತ್ತಿರವಾಗಿ ಕೊಡ ಇಳಿಸಿ, ಸೇದಿ ತಂದ.

ಗುರು ಒಂದು ಗುಟುಕು ಬಾಯಿಗೆ ಹಾಕಿಕೊಂಡ. "ಮೂಡಣದ್ದು ಸೇರಿದೆ. ತೊಟ್ಟಿಗೆ ಸುರಿದು ಮತ್ತೆ ತಾ."

ಮತ್ತೆ ತಂದ. ಮತ್ತೆ ಸೇರಿತ್ತು.

ಬಿಸಿಲು ನೆತ್ತಿಗೆ ಬಂದಾಗ ಜೇಠಾ ಕೊಡವನ್ನು ನೆಲಕ್ಕೆ ಕುಕ್ಕಿದ. "ಬಾಬಾ, ನೀರಿಗೆ ಬದಿ ಎಲ್ಲಿಂದ ಬರಬೇಕು? ಈ ಪಾಠ ಸಾಹೇಬರಿಗೆ ಹೇಳಿ. ನನ್ನ ಕೈಯಲ್ಲೇಕೆ ಬೊಬ್ಬೆ ಎಬ್ಬಿಸ್ತೀರಿ?"

"ಸಾಹೇಬ ನನ್ನ ಶಿಷ್ಯನಲ್ಲ."

"ಹಾಗಾದರೆ ಯಾವ ಬದಿಯಿಂದ ಹೋಗ್ತೀರಿ? ಅದನ್ನಾದರೂ ಹೇಳಿ."

"ಸುಣ್ಣ ಜರಡಿ ಹಿಡಿದಿಟ್ಟುಕೋ," ಅಂದ ಗುರು. "ಸ್ವಲ್ಪ ಹೆಚ್ಚೇ ತುಂಬಿಕೋ."

ಬಡಗಣದ ಕರಿಬಂಡೆಯಿಂದ ತೆಂಕಣದ ಕಲ್ಲುಗುಡ್ಡದವರೆಗೆ ನಡಿಗೆ. ಆ ಎರಡು ತುದಿಗಳ ಬಗ್ಗೆ ಜಗಳವಿರಲಿಲ್ಲ. ಅಲ್ಲಿ ಕುಡಿಯುವಂಥದ್ದೇನೂ ಇರಲಿಲ್ಲ. ಮಧ್ಯದಲ್ಲಿ ಬಾವಿ. ಬಾವಿಯ ಪಕ್ಕದ ಬನ್ನಿ ಮರದ ನೆರಳಲ್ಲಿ ಸಾಹೇಬ. ಮೂಡಣದಲ್ಲಿ ಖಾರಗಢದ ದಿವಾನ, ಪಡುವಣದಲ್ಲಿ ವೀರಾಸರದ ದಿವಾನ. ಅವರವರ ಹಿಂದೆ ಅವರವರ ಜನ, ನೀರಿಗೆಂದು ತಂದು ತಡೆದು ನಿಲ್ಲಿಸಿದ ಒಂಟೆಗಳು.

ಬೆಳಗ್ಗೆ ತೊಗಲು ಹೊಲಿದರು. ಕಣ್ಣಿಗೆ, ಮೂಗಿಗೆ ಸೀಳು ಬಿಟ್ಟರು.

ಗುರು ನಡೆದ. ಜೇಠಾ ಹಿಂದೆ ಸುಣ್ಣ ಸುರಿಯುತ್ತ ಬಂದ. ಬಾವಿ ಹತ್ತಿರವಾಗುವ ಹೊತ್ತಿಗೆ ತೊಗಲು ಕಂದಿ ಗಡುಸಾಗಿತ್ತು.

ಬಾವಿಗೆ ಇನ್ನೂ ದೂರವಿರುವಾಗಲೇ ಗುರು ಎಡಕ್ಕೆ ತಿರುಗಿದ. ಬನ್ನಿ ಮರ, ತೊಟ್ಟಿ, ಬಾವಿ ಎಲ್ಲವನ್ನೂ ಬಲಕ್ಕೆ ಬಿಟ್ಟು ಮೂಡಣ ಬದಿಯಿಂದ ನಡೆದ.

ಬಾವಿ ಪಡುವಣಕ್ಕೆ ಉಳಿಯಿತು. ವೀರಾಸರದ ದಿವಾನನ ಮೀಸೆ ಅಗಲವಾಯಿತು. ಜೇಠಾನ ಎದೆ ಹಗುರವಾಯಿತು. ಬೆಳಗ್ಗಿನಿಂದ ಅವನು ಅಷ್ಟು ನೇರವಾಗಿ ಸುಣ್ಣ ಸುರಿದಿರಲಿಲ್ಲ.

ಬಾವಿ ದಾಟಿದ ಮೇಲೆ ಗುರು ತೆಂಕಣಕ್ಕೆ ಹೋಗಲಿಲ್ಲ. ಬಲಕ್ಕೆ ತಿರುಗಿದ. ಇನ್ನೊಮ್ಮೆ ಬಲಕ್ಕೆ ತಿರುಗಿ, ಪಡುವಣ ಬದಿಯಿಂದ ಬಂದ ದಿಕ್ಕಿಗೇ ಹೊರಟ.

ಈಗ ಖಾರಗಢದ ದಿವಾನ ನಕ್ಕ.

ಜೇಠಾನಿಗೆ ಅರ್ಥವಾದದ್ದು ಒಂದೇ: ಇಲ್ಲಿ ಸುಣ್ಣ ಬಿದ್ದರೆ ಬಾವಿ ಪಡುವಣದ ಕೈತಪ್ಪುತ್ತದೆ. ಬೀಳದಿದ್ದರೆ ಇಲ್ಲ.

ಅವನ ಮುಷ್ಟಿ ಮುಚ್ಚಿತು.

ಬರಿಗೈಯಲ್ಲಿ ನಾಲ್ಕಾರು ಹೆಜ್ಜೆ ಹಾಕಿದ. ಸುಣ್ಣ ಬೀಳುವ ಸದ್ದು ನಿಂತಿತ್ತು. ಗುರು ನಿಂತ. ಹಿಂದಕ್ಕೆ ನೋಡಲಿಲ್ಲ, ತೊಗಲಿನೊಳಗೆ ಕುತ್ತಿಗೆ ತಿರುಗುವಂತಿರಲಿಲ್ಲ. ಹಿಮ್ಮಡಿಯಲ್ಲಿ ಒಂದೊಂದೇ ಹೆಜ್ಜೆ ಹಿಂದೆ ಸರಿದು ಬಂದು, ಸುಣ್ಣ ಮುಗಿದಿದ್ದ ಜಾಗದಲ್ಲಿ ನಿಂತುಕೊಂಡ.

ಯಾರೂ ಮಾತಾಡುವಂತಿರಲಿಲ್ಲ. ಬಿಸಿಲು ತನ್ನ ಕೆಲಸ ಮಾಡುತ್ತಿತ್ತು.

ತೊಗಲಿನ ಹೊಲಿಗೆ ಕಿರ್ರೆಂದಿತು. ಸೀಳಿನಿಂದ ಮೂಗಿನ ಕೆಳಗೆ ರಕ್ತ ಇಳಿಯಿತು. ಗುರು ಕೈಯೆತ್ತಲಿಲ್ಲ, ಕುಳಿತುಕೊಳ್ಳಲಿಲ್ಲ. ಸುಣ್ಣಕ್ಕೆ ಕಾದ.

ಜೇಠಾ ಪಡುವಣಕ್ಕೆ ನೋಡಿದ. ಹಟ್ಟಿಯ ಹೆಂಗಸರ ನಡುವೆ ಧಾಪು ಖಾಲಿ ಕೊಡ ಸೊಂಟಕ್ಕಿಟ್ಟು ನಿಂತಿದ್ದಳು. ಮೂಡಣಕ್ಕೆ ನೋಡಿದ. ಅಲ್ಲೂ ಒಬ್ಬಳು ನಿಂತಿದ್ದಳು. ಕೊಡ ಅವಳದೂ ಖಾಲಿ. ಪರಿಚಯವಿಲ್ಲದವಳು.

ಅವನು ಮುಷ್ಟಿ ಬಿಚ್ಚಿದ.

ಗುರು ಮುಂದೆ ಹೆಜ್ಜೆಯಿಟ್ಟ. ಪಡುವಣ ಬದಿ ಮುಗಿಸಿದ, ಬಡಗಣಕ್ಕೆ ಬಂದ. ಮೊದಲು ತಿರುಗಿದ್ದ ಜಾಗವನ್ನೇ ಮುಟ್ಟಿದ. ಬಿಳಿ ಗೆರೆ ಬಿಳಿ ಗೆರೆಗೆ ಕೂಡಿತು. ಬಾವಿಗೆ ಪೂರ್ತಿ ಪ್ರದಕ್ಷಿಣೆಯಾಗಿತ್ತು.

ಆಮೇಲೆ ಮೂಡಣದ ಹಳೆಯ ಗೆರೆಯ ಮೇಲೆಯೇ ಮತ್ತೆ ನಡೆದು, ಬಾವಿ ದಾಟಿ, ನೇರ ಕಲ್ಲುಗುಡ್ಡಕ್ಕೆ ಹೋಗಿ ಬಿದ್ದ.

ಜೇಠಾ ಚಾಕುವಿನಿಂದ ತೊಗಲು ಕೊಯ್ದ. ಮುಖ ಹೊರಬಂತು. ಬದುಕಿತ್ತು.

ಒಂಟೆಯ ಮೇಲೆ ಕೂರಿಸಿಕೊಂಡು ಬಾವಿಗೆ ಕರೆತಂದಾಗ ಎಲ್ಲರ ತುಟಿಯೂ ಬಿಚ್ಚಿತ್ತು.

"ಇದು ಗಡಿಯಲ್ಲ, ಹುಚ್ಚಾಟ," ಅಂದ ಖಾರಗಢದ ದಿವಾನ. "ನಡೆಯುವವನು ಬಾವಿ ಸುತ್ತಬಹುದೆಂದು ಪದ್ಧತಿಯಲ್ಲಿ ಎಲ್ಲಿದೆ?"

"ಸುತ್ತಬಾರದೆಂದು ಎಲ್ಲಿದೆ?" ಅಂದ ಸಾಹೇಬ. ಅವನಿಗೆ ಊರಿಗೆ ಹೋಗಬೇಕಿತ್ತು. "ಸುಣ್ಣ ಬಿದ್ದಿದೆ. ನಿಮ್ಮ ರಾಜರು ಆಣೆಯಿಟ್ಟಿದ್ದಾರೆ. ಆದರೆ ಬಾಬಾ, ಈ ಸುತ್ತಿನ ಒಳಗಿರುವುದು ಯಾರದು?"

"ಯಾರದೂ ಅಲ್ಲ."

"ಯಾರದೂ ಅಲ್ಲದ ನೆಲ ಎಲ್ಲಾದರೂ ಇರುತ್ತದೆಯೇ?"

"ಬೆಳಗ್ಗಿನಿಂದ ಅಲ್ಲೇ ನಿಂತಿದ್ದೀರಿ."

ಸಾಹೇಬ ತನ್ನ ಬೂಟು ನೋಡಿಕೊಂಡ. ಸುತ್ತಲೂ ಇದ್ದ ಬಿಳಿ ಗೆರೆ ನೋಡಿದ. ಎರಡು ವರ್ಷದಲ್ಲಿ ಮೊದಲ ಸಲ ನಕ್ಕ.

ವೀರಾಸರದ ದಿವಾನ ಬಿಡಲಿಲ್ಲ. "ಹಾಗಾದರೆ ಇಲ್ಲಿ ಸುಂಕ ಎತ್ತುವವರು ಯಾರು?"

"ಬಾಯಾರಿಕೆಯಾಗದವನು ಎತ್ತಲಿ," ಅಂದ ಗುರು.

ಸಾಹೇಬ ನಕ್ಷೆ ಬಿಡಿಸಿ, ಕುಂಚದ ದಪ್ಪ ಗೆರೆಯ ನಡುವೆ ಪುಟ್ಟದೊಂದು ಸುತ್ತು ಹಾಕಿ ರುಜು ಮಾಡಿದ. ಎರಡು ಬೇಸಿಗೆಯಲ್ಲಿ ಆತ ಮಾಡಿದ ಒಂದೇ ಒಳ್ಳೆಯ ಕೆಲಸ. ಹೆಚ್ಚು ಹೊತ್ತು ಹಿಡಿಯಲಿಲ್ಲ.

ಕಾವಲಿಗೆಂದು ಎರಡೂ ಕಡೆಯಿಂದ ಬಂದಿದ್ದ ಸಿಪಾಯಿಗಳಿಗೆ ಕಾಯಲು ಏನೂ ಉಳಿಯಲಿಲ್ಲ. ಅವರೂ ಸಾಲಿನಲ್ಲಿ ನಿಂತು ನೀರು ಕುಡಿದರು.

ಜನ ಕೇಕೆ ಹಾಕಿದರು. ಮೂಡಣದವರು ಡೋಲು ತಂದಿದ್ದರು. ಪಡುವಣದವರ ಬಳಿಯೂ ಇತ್ತು. ಇಬ್ಬರೂ ತಾವೇ ಗೆಲ್ಲುತ್ತೇವೆಂದು ತಂದದ್ದು. ಎರಡೂ ಮೊಳಗಿದವು.

ಜೇಠಾ ಸೇದಿ ತಂದು ಗುರುವಿನ ಒಡೆದ ತುಟಿಗೆ ಕೊಡ ಹಿಡಿದ.

"ಯಾವ ಬದಿಯದು?" ಅಂದ ಗುರು.

"ನೋಡಲಿಲ್ಲ, ಬಾಬಾ."

ಗುರು ಕುಡಿದ. ಈ ಸಲ ಪೂರ್ತಿ ಕುಡಿದ.

ಜೇಠಾ ತಲೆ ತಗ್ಗಿಸಿದ. "ನಾನು ಕೈ ಬಿಚ್ಚದೇ ಇದ್ದಿದ್ದರೆ ಏನು ಮಾಡ್ತಿದ್ದಿರಿ?"

"ಸಾಯ್ತಿದ್ದೆ. ಸುಳ್ಳು ನಡೆದು ಸತ್ತ ಎನ್ನುತ್ತಿದ್ದರು."

ಅಷ್ಟರಲ್ಲಿ ಒಂಟೆಗಳನ್ನು ಬಿಟ್ಟರು. ಎರಡೂ ಕಡೆಯಿಂದ ಒಮ್ಮೆಗೇ ನುಗ್ಗಿ ಬಂದವು. ಅವುಗಳ ಅಗಲ ಪಾದದಡಿ ಬಿಳಿ ಗೆರೆ ಮರಳಲ್ಲಿ ಮರಳಾಯಿತು.

ಜೇಠಾ ಗಾಬರಿಯಾಗಿ ಚೀಲ ಎತ್ತಿಕೊಂಡ. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

"ಬಾಬಾ, ಗಡಿ ಅಳಿಸಿಹೋಯಿತು. ಮತ್ತೆ ಸುಣ್ಣ ಹಾಕಲೇ?"

ಗುರು ಖಾಲಿ ಕೊಡವನ್ನು ಅವನ ಕೈಗೆ ಕೊಟ್ಟ.

"ತೊಟ್ಟಿಗೆ ನೀರು ಹಾಕು."